ಕತ್ತರಿ ಕೆಳಗಿಡ್ರೋ!

ಕೊಪ್ಪಳದ ಮಿರ್ಚಿ ಅಂಗಡಿ ಕಟ್ಟಿ. ನಡುವ ಅಂಚು ಕಿತ್ತ, ಕೈಲೆ ನೇಯ್ದ ರತ್ನಗಂಬಳಿ. ಸುತ್ತ ಟೇಲರ್ ಮಾಮಾ, ಮಾಸ್ತರ, ಕಂಬಳಿ ರಿಪೇರಿ ಬಲ್ಲ ಅಕ್ಕ.

ಟೇಲರ್ ಮಾಮಾ: ಕುಚ್ಚು ಬೆಕ್ಕಿನ ಮೀಸಿಯಂಗ ಆಗೈತಿ. ಕತ್ತರಿಸಿ ಓವರ್‌ಲಾಕ್ ಹೊಡದ್ರ ಹತ್ತು ನಿಮಿಷದ ಕೆಲಸ.

ಅಕ್ಕ: ಮುಟ್ಟಬ್ಯಾಡ! ಕುಚ್ಚು ಅಂದ್ರ ಶೋಕಿಗೆ ಹಚ್ಚಿದ್ದಲ್ಲ, ಹಾಸಿನ (ಉದ್ದಕ್ಕ ಹೋಗೋ) ಎಳೀನೇ ಅದು. ಬುಡದಾಗ ಹರೀತಂದ್ರ ಹೊಕ್ಕು (ಅಡ್ಡ ಹೋಗೋ ಎಳಿ) ಜಾರತೈತಿ, ಅದರ ಹಿಂದ ಉಣ್ಣಿ ಗಂಟು ಸಾಲುಸಾಲಾಗಿ ಉದುರತಾವ.

ಮಾಸ್ತರ: ಹರಿಯೋದ್ಯಾಕ, ಇಲಿ ಕಾಟ ಏನು?

ಅಕ್ಕ: ಇಲಿಗಿಂತ ವ್ಯಾಕ್ಯೂಮಿನ ತಿರುಗೋ ಬ್ರಷ್ ಕೆಟ್ಟದ್ರಿ, ಸುತ್ತಿ ಎಳೀತೈತಿ. ಬೆಳ್ಳಗಾಗಲಿ ಅಂತ ಬ್ಲೀಚ್ ಬ್ಯಾರೆ ಹಾಕ್ತಾರ, ಹತ್ತಿ ನೂಲು ಪುಡಿ ಆಗತೈತಿ.

ಮಾಸ್ತರ: ನಮ್ಮ ಕುರಿ ಕಂಬಳಿಗಿ ಹುಣಸಿ ಬೀಜದ ಸರಿ ಬಳೀತಾರಲ್ಲ, ಇದಕ್ಕೂ ಬಳದ್ರ?

ಅಕ್ಕ: ಅದು ನೇಯೂದಕ್ಕಿಂತ ಮೊದಲು ಹಾಸು ಗಟ್ಟಿ ಮಾಡಾಕ, ಮಾಸ್ತರ. ಹರದಿದ್ದು ಹೊಲಿಯಾಕಲ್ಲ! ಗೋಂದೂ ಬ್ಯಾಡ, ಒಣಗಿ ಬಿರುಸಾದ್ರ ಮುಂದ ಸೂಜೀನೂ ಇಳಿಯಂಗಿಲ್ಲ.

ಮಾಮಾ: ಹಂಗಾದ್ರ ಹೆಂಗ?

ಅಕ್ಕ: ಗಟ್ಟಿ ಇರೋ ಹೊಕ್ಕಿನ ತನಕ ಸಡಿಲ ಎಳಿ ಬಿಡಿಸು. ಮೇಣ ಸವರಿದ ದಪ್ಪ ಹತ್ತಿ ದಾರ ತಗೊಂಡು, ಎರಡು-ಮೂರು ಹೊಕ್ಕು ಒಳಗ ಸೂಜಿ ಇಳಿಸು. ನಾಲ್ಕೈದು ಹಾಸಿನ ಎಳಿಗೊಂದು ಹೊಲಿಗಿ. ಎಲ್ಲಾ ಒಂದೇ ಗೆರಿಗಿ ಬಂದ್ರ ಅಲ್ಲೇ ಹರೀತೈತಿ, ಅದಕ್ಕ ಆಳ ಸ್ವಲ್ಪ ಹಿಂದ-ಮುಂದ ಇರ್ಲಿ.

ಮಾಮಾ: ಪಕ್ಕದ ಅಂಚು?

ಅಕ್ಕ: ಅಂಚಿಗಿ ಸುತ್ತಿದ ಉಣ್ಣಿ ಮಾತ್ರ ಸವದಿದ್ರ ಪುಣ್ಯ, ಹೊಸ ಉಣ್ಣಿ ಸುತ್ತಿದ್ರ ಮುಗೀತು. ಒಳಗಿನ ಹಾಸೇ ಹರದಿದ್ರ ಮೊದಲು ಹೊಸ ಎಳಿ ಜೋಡಿಸು, ಎರಡೂ ಕಡಿ ಗಟ್ಟಿ ಜಾಗದಾಗ ಮೂರ್ನಾಲ್ಕು ಸೆಂಟಿಮೀಟರ್ ಹಾಯ್ಬೇಕು. ಆಮ್ಯಾಲ ಸುತ್ತು. ಬಣ್ಣ ಬಿಸಿಲಾಗ ಹೊಂದಿಸಿ ನೋಡು, ಟ್ಯೂಬ್‌ಲೈಟಿನ ಕೆಳಗಲ್ಲ. ಉಣ್ಣಿ ಒದ್ದಿ ಮಾಡಿ ಬಿಳಿ ಬಟ್ಟಿಗಿ ಒತ್ತು. ಬಣ್ಣ ಬಿಟ್ರ ಅದನ್ನ ತಂದ ಅಂಗಡಿಗೇ ವಾಪಸ್ ಕೊಡು.

ಮಾಸ್ತರ: ಗಟ್ಟಿಯಾಗಿ ಸುತ್ತಬೇಕಲ್ಲ?

ಅಕ್ಕ: ಅಲ್ಲೇ ಎಲ್ಲಾರೂ ಸೋಲೋದು! ಬಿಗಿ ಸುತ್ತಿದ್ರ ಅಂಚು ಒಳಗ ಸುರುಳಿ ಆಗತೈತಿ. ಪಕ್ಕಪಕ್ಕಕ್ಕ ಒತ್ತಾಗಿ ಸುತ್ತು, ಎಳೀಬ್ಯಾಡ. ಐದಾರು ಸುತ್ತಿಗೊಮ್ಮೆ ನೆಲಕ್ಕ ಹಾಸಿ ನೋಡು.

ಮಾಮಾ: ಸುರುಳಿ ಆದ್ರ?

ಅಕ್ಕ: ಬಿಚ್ಚು.

ಮಾಮಾ: ಇಸ್ತ್ರಿ ಹೊಡದು ಕೂಡಿಸ್ತೀನಿ.

ಅಕ್ಕ: ಮಾಮಾ, ಮಿರ್ಚಿ ಎಣ್ಣಿ ಕೈ ಕಂಬಳಿಗೆ ಒರಸಬ್ಯಾಡ, ಅದಕ್ಕ ಬ್ಯಾರೆ ಚರ್ಚಾ ಐತಿ.