ಇ.ವಿ. ಬ್ರೇಕ್ ಪೆಡಲ್ ಮೆತ್ತಗಾಗಿದೆ, ಬ್ಲೀಡಿಂಗ್ ಮಾಡಿಸಬೇಕಾ?

ವಿದ್ಯಾನಗರ, ದಾವಣಗೆರೆ

ಎಲೆಕ್ಟ್ರಿಕ್ ಎಸ್‌ಯುವಿ, ನಾಲ್ಕು ವರ್ಷ ದಾಟಿದೆ, 48,000 ಕಿ.ಮೀ. ಓಡಿದೆ. ಮುಂದೆ ಡಿಸ್ಕ್, ಹಿಂದೆ ಡ್ರಮ್. ಕಾಲಿನ ಒತ್ತಡ ಹೆಚ್ಚಿಸೋ ವ್ಯಾಕ್ಯೂಮ್ ಬೂಸ್ಟರ್, ಅದಕ್ಕೆ ಎಲೆಕ್ಟ್ರಿಕ್ ಪಂಪ್. ಮುಂದಿನ ಪ್ಯಾಡ್ ಹೊಸದು ಹಾಕಿಸಿದ ಮೇಲೆ ಪೆಡಲ್ ಮೆತ್ತಗಾಗಿದೆ. ಗಾಡಿ ನಿಲ್ಲುತ್ತೆ, ಆದರೆ ಕಾಲಿಗೆ ಗಟ್ಟಿ ಸಿಗಲ್ಲ. ಡ್ಯಾಶ್‌ನಲ್ಲಿ ಯಾವ ಲೈಟೂ ಇಲ್ಲ. ಬ್ರೇಕ್ ಆಯಿಲ್ ಮ್ಯಾಕ್ಸ್ ಗೆರೆಯಲ್ಲೇ ಇದೆ, ಬಣ್ಣ ಮಾತ್ರ ಡಿಕಾಕ್ಷನ್ ಥರ. ಒಬ್ಬರು ‘ರೀಜೆನ್ (ಮೋಟರೇ ವೇಗ ತಗ್ಗಿಸಿ ಬ್ಯಾಟರಿ ಚಾರ್ಜ್ ಮಾಡೋದು) ಇರೋ ಗಾಡೀಲಿ ಹೀಗೇ’ ಅಂತಾರೆ, ಇನ್ನೊಬ್ಬರು ಬ್ಲೀಡಿಂಗ್ (ಲೈನಿನ ಹಳೇ ಆಯಿಲ್, ಗಾಳಿ ಹೊರಗೆ ತೆಗೆಯೋದು) ಅಂತಾರೆ. ಯಾರ ಮಾತು ಕೇಳಲಿ?

ಹರಿಹರ ಬೈಪಾಸ್

ಗಾಡಿ ನಿಂತಿರುವಾಗಲೂ ಪೆಡಲ್ ಮೆತ್ತಗಿದೆಯಾ? ಮೊದಲು ಅದನ್ನ ನೋಡ್ರಿ. ನಿಂತ ಗಾಡಿಯಲ್ಲಿ ರೀಜೆನ್ ಇರೋದೇ ಇಲ್ಲ. ಅಲ್ಲೂ ಮೆತ್ತಗಿದ್ದರೆ ಆ ಮಾತು ಅಲ್ಲಿಗೇ ಮುಗೀತು.

ಆಮೇಲೆ ಬೂಸ್ಟರ್. ಗಾಡಿ ಆಫ್ ಮಾಡಿ ಪೆಡಲ್ ಐದಾರು ಸಲ ಒತ್ತಿದರೆ ಒಳಗಿನ ವ್ಯಾಕ್ಯೂಮ್ ಖಾಲಿಯಾಗುತ್ತೆ. ಈಗ ಪೆಡಲ್ ಮೇಲೇ ಗಟ್ಟಿಯಾಗಿ ನಿಲ್ಲಬೇಕು. ಆಗಲೂ ಕುಗ್ಗಿದರೆ ತಪ್ಪು ಬೂಸ್ಟರ್‌ದಲ್ಲ. ಹಾಗೇ ಒತ್ತಿ ಹಿಡಿದು ಗಾಡಿ ಆನ್ ಮಾಡಿ ರೆಡಿ ಮೋಡ್‌ಗೆ ತನ್ನಿ. ಪೆಡಲ್ ಒಂಚೂರು ಕೆಳಗಿಳಿದರೆ ಪಂಪೂ ಸರಿ ಇದೆ. ಬೂಸ್ಟರ್ ಕೆಟ್ಟರೆ ಪೆಡಲ್ ಗಟ್ಟಿಯಾಗುತ್ತೆ, ಮೆತ್ತಗಾಗಲ್ಲ. ಇದನ್ನ ಉಲ್ಟಾ ತಿಳಿದು ಸುಮ್ಮನೆ ಪಂಪ್ ಬದಲಿಸೋರಿದ್ದಾರೆ.

ಇನ್ನು ಪೆಡಲ್ ಏನು ಮಾಡುತ್ತೆ ನೋಡ್ರಿ. ಅರ್ಧ ನಿಮಿಷ ಒತ್ತಿ ಹಿಡಿದಾಗ ನಿಧಾನಕ್ಕೆ ಇಳೀತಾ ಹೋದರೆ ಪೆಡಲ್ ಒತ್ತಡವನ್ನ ಆಯಿಲಿಗೆ ಕೊಡೋ ಮಾಸ್ಟರ್ ಸಿಲಿಂಡರಿನ ಸೀಲ್ ಹೋಗಿದೆ, ಇಲ್ಲಾ ಎಲ್ಲೋ ಸೋರಿಕೆ ಇದೆ. ಗಾಡಿ ರೋಡಿಗೆ ತರಲೇಬೇಡಿ. ಬೇಗ ಬೇಗ ಎರಡು ಮೂರು ಸಲ ಒತ್ತಿದಾಗ ಮೇಲೆ ಬಂದು ಪೂರಾ ಗಟ್ಟಿಯಾದರೆ ಹಿಂದಿನ ಡ್ರಮ್ಮಲ್ಲಿ ಶೂ ಗ್ಯಾಪ್ ಜಾಸ್ತಿ, ಅಥವಾ ಓಲಾಡುವ ಡಿಸ್ಕ್ ಪಿಸ್ಟನ್ನನ್ನ ಹಿಂದಕ್ಕೆ ತಳ್ಳುತ್ತಿದೆ. ಮೇಲೆ ಬಂದರೂ ಮೆತ್ತಗೇ ಇದ್ದರೆ ಗಾಳಿ. ಎಷ್ಟು ಒತ್ತಿದರೂ ಮೇಲೂ ಬರದೆ ಕೆಳಗೂ ಇಳಿಯದೆ ಅಷ್ಟೇ ಮೆತ್ತಗಿದ್ದರೆ ಎಲ್ಲೋ ಏನೋ ಬಾಗುತ್ತಿದೆ: ಉಬ್ಬುವ ರಬ್ಬರ್ ಹೋಸ್, ಇಲ್ಲಾ ಸೊಟ್ಟಗೆ ಕೂತ ಪ್ಯಾಡ್.

ಕೋಟೆ ರಸ್ತೆ, ಚಿತ್ರದುರ್ಗ

ಆಯಿಲ್ ಆ ಬಣ್ಣಕ್ಕೆ ಬಂದಿದೆ ಅಂದರೆ ಏನೇ ಇರಲಿ ಬದಲಿಸಿ. ಇ.ವಿ.ಯಲ್ಲಿ ಪ್ಯಾಡ್ ಸವೆಯಲ್ಲ ಅಂತ ಆಯಿಲನ್ನೂ ಮರೀತಾರೆ. ಅದು ತೇವ ಹೀರೋದು ಕಿಲೋಮೀಟರ್ ಲೆಕ್ಕದಲ್ಲಲ್ಲ, ವರ್ಷದ ಲೆಕ್ಕದಲ್ಲಿ. ಎರಡು ವರ್ಷಕ್ಕೊಮ್ಮೆ ಬದಲಿಸೋದು ರೂಢಿ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, 3.7% ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿ. ಬ್ಯಾಟರಿ ತುಂಬಿಕೊಂಡು ಆಗುಂಬೆ ಘಾಟಿ ಇಳಿಯೋರು ಇದನ್ನ ನೆನಪಿಡಬೇಕು: ತುಂಬಿದ ಬ್ಯಾಟರಿಗೆ ರೀಜೆನ್ ಕರೆಂಟ್ ಹೋಗಲ್ಲ, ಭಾರವೆಲ್ಲ ಡಿಸ್ಕ್ ಮೇಲೆ ಬೀಳುತ್ತೆ.

ಒಂದು ಲೀಟರ್ ಸೀಲ್ ಒಡೆಯದ ಡಬ್ಬಿ ಸಾಕು. ಗಾಡಿಯ ಬ್ರೇಕ್ ಆಯಿಲ್ ಟ್ಯಾಂಕಿನ ಮುಚ್ಚಳದ ಮೇಲೆ ಯಾವ ಡಾಟ್ ಬರೆದಿದೆಯೋ ಅದೇ ಹಾಕಿ. ಡಾಟ್ 5 ಸಿಲಿಕೋನ್‌ನದ್ದು, ಅದನ್ನ ಸೇರಿಸಲೇಬಾರದು. ಮ್ಯಾನ್ಯುಯಲ್ ಬೇರೆ ಹೇಳದಿದ್ದರೆ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರು: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಒಂದೊಂದಕ್ಕೆ ಸುಮಾರು 200 ಮಿ.ಲೀ. ಚಕ್ರದ ಹತ್ತಿರ ಆಯಿಲ್ ಹೊರಬಿಡೋ ನಿಪ್ಪಲ್ ಬಿಚ್ಚಿದಾಗ ಪೆಡಲ್ ಒತ್ತಬೇಕು, ಮುಚ್ಚಿದ ಮೇಲೇ ಕಾಲು ಬಿಡಬೇಕು. ಪೆಡಲ್ ಕೆಳಗೆ ಮರದ ತುಂಡು ಇಡಿ. ಹಳೇ ಸಿಲಿಂಡರಿನಲ್ಲಿ ಸೀಲ್ ಯಾವತ್ತೂ ಮುಟ್ಟದ ತುದಿಯಲ್ಲಿ ತುಕ್ಕು, ಕೊಳೆ ಇರುತ್ತೆ, ನೆಲದವರೆಗೆ ತುಳಿದರೆ ಅದು ಸೀಲನ್ನ ಹರಿಯುತ್ತೆ. ಎಲೆಕ್ಟ್ರಿಕ್ ಬೂಸ್ಟರ್ ಇರುವ ಹೊಸ ಗಾಡಿಗಳಲ್ಲಿ ಮಾತ್ರ ಸ್ಕ್ಯಾನರಿನಿಂದ ಸರ್ವಿಸ್ ಮೋಡ್‌ಗೆ ಹಾಕದೆ ನಿಪ್ಪಲ್ ಮುಟ್ಟಬೇಡಿ. ಬಾಗಿಲು ತೆಗೆದರೂ ಸಿಸ್ಟಮ್ ಎಚ್ಚರಾಗಿ ಪ್ರೆಶರ್ ಏರಿಸಬಹುದು, ಬೆರಳು ಸಿಕ್ಕಿಕೊಳ್ಳುತ್ತೆ.

ಹರಿಹರ ಬೈಪಾಸ್

ಬದಲಿಸೋದು ಸರಿ, ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಆಯಿಲಿನ ನೀರು ತೊಂದರೆ ಕೊಡೋದು ಬಿಸಿಯಾಗಿ ಆವಿಯಾದಾಗ. ತಣ್ಣಗಿರುವಾಗಲೇ ಮೆತ್ತಗಿದೆ ಅಂದರೆ ಕಾರಣ ಬೇರೆ. ಬ್ಲೀಡಿಂಗ್‌ಗೆ ಕೈ ಹಾಕೋ ಮುಂಚೆ ಹೋಸ್ ಕ್ಲ್ಯಾಂಪ್ ಹಾಕಿ ನೋಡ್ರಿ. ನುಣುಪು ದವಡೆಯ ಕ್ಲ್ಯಾಂಪೇ ಬೇಕು. ವೈಸ್‌ಗ್ರಿಪ್ ಹಾಕಿದರೆ ಹೋಸ್ ಒಳಪದರ ಸೀಳುತ್ತೆ. ನಾಲ್ಕೂ ಹೋಸ್ ಬಿಗಿದಾಗ ಪೆಡಲ್ ಗಟ್ಟಿಯಾದರೆ ಮಾಸ್ಟರ್ ಸಿಲಿಂಡರ್, ಎ.ಬಿ.ಎಸ್. ಎರಡೂ ಸರಿ. ಆಮೇಲೆ ಒಂದೊಂದೇ ಬಿಡಿ. ಯಾವುದನ್ನ ಬಿಟ್ಟಾಗ ಮೆತ್ತಗಾಗುತ್ತೋ ಆ ಚಕ್ರದಲ್ಲೇ ಕಾಯಿಲೆ. ಜಾಕ್ ಮಾತ್ರ ಗುರುತು ಮಾಡಿದ ಜಾಗಕ್ಕೇ ಕೊಡ್ರಿ, ಬ್ಯಾಟರಿ ಪ್ಯಾಕಿನ ತಳಕ್ಕಲ್ಲ.

ವಿದ್ಯಾನಗರ, ದಾವಣಗೆರೆ

ನಿಂತಾಗಲೂ ಮೆತ್ತಗೇ ಇದೆ. ಒತ್ತಿ ಹಿಡಿದರೆ ಇಳಿಯಲ್ಲ, ಪಂಪ್ ಮಾಡಿದರೂ ವ್ಯತ್ಯಾಸ ಇಲ್ಲ. ಕ್ಲ್ಯಾಂಪ್ ಹಾಕಿಸಿದಾಗ ಮುಂದಿನ ಎಡಗಡೆ ಸಿಕ್ಕಿಬಿತ್ತು. ಆ ನಿಪ್ಪಲ್ ಬಿಚ್ಚಿದರೆ ಒಂದು ಗುಳ್ಳೆಯೂ ಬರಲಿಲ್ಲ, ಹೋಸ್ ಕೂಡ ಉಬ್ಬುತ್ತಿಲ್ಲ.

ಹರಿಹರ ಬೈಪಾಸ್

ಹಾಗಾದರೆ ಪ್ಯಾಡ್ ಸೊಟ್ಟ ಕೂತಿದೆ. ತೆಗೆದ ಹಳೇ ಪ್ಯಾಡ್ ಇದ್ದರೆ ನೋಡ್ರಿ, ಒಂದು ತುದಿ ಜಾಸ್ತಿ ಸವೆದಿರುತ್ತೆ. ಇ.ವಿ.ಯಲ್ಲಿ ಬ್ರೇಕ್ ಬಿಸಿಯಾಗೋದೇ ಅಪರೂಪ. ತೊಳೆದ ನೀರು, ನಮ್ಮೂರ ಧೂಳು ಸೇರಿ ಪ್ಯಾಡ್ ಒತ್ತೋ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಕಚ್ಚಿಕೊಳ್ಳುತ್ತೆ, ಪ್ಯಾಡ್ ಕೂರೋ ಬ್ರಾಕೆಟ್ಟಿನ ಸ್ಟೀಲ್ ಕ್ಲಿಪ್ ಅಡಿ ತುಕ್ಕು ಬೆಳೆದು ಕ್ಲಿಪ್ಪನ್ನ ಎತ್ತುತ್ತೆ. ಹೊಸ ಪ್ಯಾಡ್ ಅಲ್ಲಿ ಬಿಗಿಯಾಗಿ ಸಿಕ್ಕಿ ಡಿಸ್ಕಿಗೆ ಚಪ್ಪಟೆ ಕೂರಲ್ಲ. ನೀವು ಒತ್ತಿದಾಗ ಪೆಡಲ್ ಶಕ್ತಿ ಅದನ್ನ ನೇರ ಮಾಡೋಕೆ ಖರ್ಚಾಗುತ್ತೆ.

ಕ್ಯಾಲಿಪರ್ ಬಿಚ್ಚಿ ತಂತಿಯಲ್ಲಿ ಕಟ್ಟಿ, ಹೋಸಿಗೆ ಜೋತು ಬಿಡಬೇಡಿ. ಕ್ಲಿಪ್ ತೆಗೆದು ಬ್ರಾಕೆಟ್ಟನ್ನ ವೈರ್ ಬ್ರಷ್, ಅರದಿಂದ ಬರಿ ಲೋಹ ಕಾಣೋವರೆಗೆ ಉಜ್ಜಿ, ಹೊಸ ಕ್ಲಿಪ್ ಹಾಕಿ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಜಾರಬೇಕು. ಪಿನ್ ಒರೆಸಿ ಸಿಲಿಕೋನ್ ಬ್ರೇಕ್ ಗ್ರೀಸ್ ತೆಳ್ಳಗೆ ಹಚ್ಚಿ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಮತ್ತೆ ಕಚ್ಚುತ್ತೆ. ಗುಳಿ ಬಿದ್ದ ಪಿನ್ ಆದರೆ ಉಜ್ಜಬೇಡಿ, ಬದಲಿಸಿ. ಬಲಗಡೆಗೂ ಇದನ್ನೇ ಮಾಡಿಸಿ, ಒಂದೇ ಕಡೆ ಮಾಡಿದರೆ ಗಾಡಿ ಎಳೆಯಬಹುದು.

ಕೂರಿಸಿ ಆದಮೇಲೆ ಗಾಡಿ ಕದಲಿಸೋ ಮುಂಚೆ ಪೆಡಲ್ ಪಂಪ್ ಮಾಡಿ ಪಿಸ್ಟನ್ ಮುಂದೆ ತನ್ನಿ. ನಂತರ ಖಾಲಿ ರಸ್ತೆಯಲ್ಲಿ ರೀಜೆನ್ ಅತಿ ಕಡಿಮೆ ಮಟ್ಟಕ್ಕೆ ಇಟ್ಟು 50ರಿಂದ 10 ಕಿ.ಮೀ. ವೇಗಕ್ಕೆ ಎಂಟು ಹತ್ತು ಸಲ ಮಿತವಾಗಿ ಬ್ರೇಕ್ ಹಿಡೀರಿ, ನಡುವೆ ತಣಿಯಲು ಬಿಡಿ. ರೀಜೆನ್ ಪೂರಾ ಇಟ್ಟು ಹಿಡಿದರೆ ಪ್ಯಾಡ್ ಡಿಸ್ಕಿಗೆ ಹೆಚ್ಚು ಒತ್ತೋದೇ ಇಲ್ಲ, ಹೊಸ ಪ್ಯಾಡ್ ಹೊಂದಿಕೊಳ್ಳಲ್ಲ.