ಡಿಸೆಬಿಲಿಟಿ ಪೆನ್ಷನ್ ರಿಜೆಕ್ಟ್ ಆಗಿ ಮೂರು ವರ್ಷ ಆಯ್ತು, ಈಗ ಏನಾದ್ರೂ ಮಾಡಬಹುದಾ?

ಅರಸೀಕೆರೆ ಗನ್ನರ್:

ಎಲ್ರಿಗೂ ಜೈ ಹಿಂದ್. ನಾನು ಆರ್ಟಿಲರಿಯಲ್ಲಿ 24 ವರ್ಷ ಸರ್ವಿಸ್ ಮಾಡಿ 2022 ಜೂನಲ್ಲಿ ಹವಾಲ್ದಾರ್ ಆಗಿ ಮನೆಗೆ ಬಂದೆ, ಈಗ ತೆಂಗಿನ ತೋಟ ನೋಡ್ಕೊಂಡು ಇದೀನಿ. ಬರೋ ಮುಂಚೆ ರಿಲೀಸ್ ಮೆಡಿಕಲ್ ಬೋರ್ಡ್ ಆಯ್ತಲ್ಲ, ಅಂದ್ರೆ ಸರ್ವಿಸ್ ಬಿಡುವಾಗ ಆರ್ಮಿ ಡಾಕ್ಟರ್‌ಗಳು ಮಾಡೋ ಚೆಕಪ್, ಅದರಲ್ಲಿ ಎರಡು ಖಾಯಿಲೆ ಬರೆದಿದ್ರು. ಒಂದು ಎರಡೂ ಕಿವಿ ಮಂದ, 15-19 ಪರ್ಸೆಂಟ್, ಸರ್ವಿಸ್ ಇಂದಾನೇ ಬಂದಿದ್ದು ಅಂತ ಒಪ್ಪಿದ್ದಾರೆ. ಇನ್ನೊಂದು ಬಿಪಿ, 30 ಪರ್ಸೆಂಟ್, ಆದ್ರೆ ಅದರ ಮುಂದೆ ನಾನಾ ಅಂತ ಬರೆದಿದ್ದಾರೆ. ನಾನು ಮೊದಲು ನಾನಾ ಕಾರಣ ಇರಬೇಕು ಅಂದ್ಕೊಂಡಿದ್ದೆ, ಆಮೇಲೆ ಗೊತ್ತಾಯ್ತು ಅದು ಸರ್ವಿಸಿಂದ ಬಂದಿದ್ದೂ ಅಲ್ಲ ಸರ್ವಿಸಿಂದ ಜಾಸ್ತಿ ಆಗಿದ್ದೂ ಅಲ್ಲ ಅನ್ನೋದರ ಶಾರ್ಟ್ ಫಾರ್ಮ್ ಅಂತ.

ಆಮೇಲೆ ಲೆಟರ್ ಬಂತು, ಕ್ಲೇಮ್ ರಿಜೆಕ್ಟ್. ಪೆನ್ಷನ್ ಸಿಗೋಕೆ ಕನಿಷ್ಠ 20 ಪರ್ಸೆಂಟ್ ಇರ್ಬೇಕು, ಸರ್ವಿಸಿಂದ ಅಂತಾನೂ ಒಪ್ಪಿರ್ಬೇಕು. ಕಿವಿದು ಒಪ್ಪಿದ್ರೂ 20 ಮುಟ್ಟಲ್ಲ, ಬಿಪಿದು 20 ದಾಟುತ್ತೆ ಆದ್ರೆ ಒಪ್ಪಿಲ್ಲ. ತಟ್ಟೆ ಕೊಟ್ಟೋರು ಅನ್ನ ಇಲ್ಲ ಅಂದ್ರು, ಅನ್ನ ಇದ್ದೋರು ತಟ್ಟೆ ಇಲ್ಲ ಅಂದ್ರು. ಆರು ತಿಂಗಳೊಳಗೆ ಅಪೀಲ್ ಮಾಡಿ ಅಂತ ಲೆಟರಲ್ಲೇ ಇತ್ತು ಆದ್ರೆ ಆವಾಗ ನಮ್ಮಪ್ಪ ಹಾಸಿಗೆ ಹಿಡಿದಿದ್ರು, ಮನೆ ಆಸ್ಪತ್ರೆ ಅಂತ ಓಡಾಟದಲ್ಲೇ ಟೈಮ್ ಹೋಯ್ತು, ಲೆಟರ್ ಟ್ರಂಕಲ್ಲೇ ಉಳೀತು.

ಬಿಪಿ ಗೊತ್ತಾಗಿದ್ದು 2016ರಲ್ಲಿ, ಲಡಾಖ್‌ನ ಎತ್ತರದ ದ್ರಾಸ್ ಕಡೆಯಿಂದ ಕೆಳಗೆ ಇಳಿದು ಐದು ತಿಂಗಳಾಗಿತ್ತು. ಬೋರ್ಡಲ್ಲಿ ಬರೆದಿರೋ ಕಾರಣ ಒಂದೇ ಲೈನ್, ಪೀಸ್ ಸ್ಟೇಷನ್‌ನಲ್ಲಿ, ಅಂದ್ರೆ ಗಡಿ ಕಡೆ ಅಲ್ಲದ ಶಾಂತ ಜಾಗದಲ್ಲಿ, ಶುರುವಾಗಿದೆ ಅಂತ. ಅಷ್ಟೇ.

ಈಗ ಪಕ್ಕದೂರಿಂದ ಒಬ್ಬರು ಬಂದಿದ್ರು, ನಾನು ಮಾಡಿಸಿಕೊಡ್ತೀನಿ, ಬರೋ ಅರಿಯರ್ಸಲ್ಲಿ 30 ಪರ್ಸೆಂಟ್ ಕೊಡಿ, ಸ್ಪರ್ಶ್ ಅನ್ನೋ ಪೆನ್ಷನ್ ವೆಬ್‌ಸೈಟಿನ ಲಾಗಿನ್ನು ಪಾಸ್‌ವರ್ಡು ಕೊಡಿ ಅಂತಾರೆ. ಕೊಡಬಹುದಾ? ಮನೆಯವಳಂತೂ ಟಿವಿ ಸೌಂಡ್ ಕಮ್ಮಿ ಮಾಡ್ರಿ ಅಂತ ದಿನಾ ಬೈತಾಳೆ, ನಂಗೆ ಅದೂ ಸರಿಯಾಗಿ ಕೇಳ್ಸಲ್ಲ.

ಬೈಲಹೊಂಗಲ ಫೌಜಿ:

ಜೈ ಹಿಂದ್ ಉಸ್ತಾದ್. ಮೊದಲನೇ ಮಾತು, ಪಾಸ್‌ವರ್ಡ್ ಯಾರಿಗೂ ಕೊಡಬ್ಯಾಡ್ರಿ. ಸ್ಪರ್ಶ್‌ನಾಗ ನಿಮ್ಮ ಬ್ಯಾಂಕ್ ಅಕೌಂಟ್ ಐತಿ, ಪಿಪಿಓ ಅಂದ್ರ ಪೆನ್ಷನ್ ಆರ್ಡರ್ ಐತಿ, ಅದನ್ನ ಕೊಟ್ರ ಮನಿ ಕೀಲಿ ಕೊಟ್ಟಂಗ. ಮತ್ತ ಆ 30 ಪರ್ಸೆಂಟಿನ ಮಾತು, ವಕೀಲರಾದವರೇ ಹಂಗ ಪಾಲು ಕೇಳೂಹಂಗಿಲ್ರಿ, ಬಾರ್ ಕೌನ್ಸಿಲ್ ರೂಲಿನಾಗೇ ಇಲ್ಲ ಅಂತ ಐತಿ. ಇವ್ರು ವಕೀಲರೂ ಅಲ್ಲಂತ ಕಾಣ್ತೈತಿ.

ನಾ ಆಫೀಸಿನಾಗ ಕ್ಲರ್ಕ್ ಇದ್ದೆ, ಇಂಥ ಫೈಲ್ ಬಾಳ ನೋಡೇನಿ. ನಿಮ್ಮ ಕೇಸಿನಾಗ ಕಿವಿ ಬಗ್ಗೆ ಜಗಳ ಮಾಡೂದು ಬ್ಯಾಡ, ಅದನ್ನ ಅವ್ರ ಒಪ್ಪ್ಯಾರ. ಜಗಳ ಇರೂದು ಬಿಪಿ ಮುಂದ ಬರದಿರೋ ಆ ಒಂದ ಸಾಲಿನ ಮ್ಯಾಲ. ಬಿಪಿದು ಒಪ್ಪಿದ್ರ ಎರಡೂ ಕೂಡಸ್ತಾರ, ಆದ್ರ 30ಕ್ಕ 15 ಕೂಡಿಸಿ 45 ಅಲ್ಲ. 100ರಾಗ 30 ಹೋದ್ರ 70 ಉಳೀತು, ಆ 70ರಾಗ 15 ಪರ್ಸೆಂಟ್ ಅಂದ್ರ ಹತ್ತೂವರೆ, ಎರಡೂ ಸೇರಿ 40ರ ಆಸುಪಾಸು ಬರ್ತೈತಿ. ಅದಕ್ಕ ಬ್ರಾಡ್ ಬ್ಯಾಂಡಿಂಗ್ ಹಚ್ಚಿದ್ರ 50. 50ಕ್ಕಿಂತ ಕಮ್ಮಿ ಇದ್ದದ್ದು 50, ಅದರ ಮ್ಯಾಲಿದ್ದು 75ರ ತನಕ 75, ಅದನ್ನೂ ದಾಟಿದ್ರ 100 ಅಂತ ಹಿಡೀತಾರ. ಮೊದಲ ಇದು ಇನ್‌ವ್ಯಾಲಿಡ್ ಆಗಿ, ಅಂದ್ರ ಖಾಯಿಲೆಯಿಂದ ಸರ್ವಿಸ್ ನಡುವ ಬಿಡಿಸಿದ್ರಿಂದ ಬಂದವರಿಗೆ ಅಷ್ಟ ಅಂತಿದ್ರು, 2014ರ ಡಿಸೆಂಬರಿನಾಗ ಸುಪ್ರೀಂ ಕೋರ್ಟು ರಾಮ್ ಅವತಾರ್ ಕೇಸಿನಾಗ ಸರ್ವಿಸ್ ಪೂರಾ ಮಾಡಿ ಬಂದವರಿಗೂ ಕೊಡಬೇಕು ಅಂತು. ಆದ್ರ ತಾನಾಗೇ ಬರ್ತೈತಿ ಅಂತ ಕುಂದ್ರಬ್ಯಾಡ್ರಿ, ಅರ್ಜಿಯಾಗ ಬ್ಯಾರೆಯಾಗಿ ಬರದು ಕೇಳ್ರಿ.

ರೊಕ್ಕದ ಲೆಕ್ಕ ಹೇಳ್ತೀನಿ. 100 ಪರ್ಸೆಂಟಿಗೆ ಕಡೇ ಪಗಾರದ 30 ಪರ್ಸೆಂಟ್. ನಿಮ್ಮ ಬೇಸಿಕ್ಕು, ಎಂಎಸ್‌ಪಿ ಅಂದ್ರ ಮಿಲಿಟರಿ ಸರ್ವಿಸ್ ಪೇ, ಎಲ್ಲಾ ಸೇರಿ 50,000 ಅಂತ ಹಿಡೀರಿ, 100ಕ್ಕ 15,000 ಆತು, 50ಕ್ಕ 7,500. ಅದರ ಮ್ಯಾಲ ಡಿಎ ಬ್ಯಾರೆ. ಸರ್ವಿಸ್ ಪೆನ್ಷನ್ ಈಗ ಬರಾಕತ್ತೇತಲ್ಲ, ಅದರ ಜೊತೀಗೆ ಇದು, ಜೀವ ಇರೂತನಕ. ಸಣ್ಣ ಮಾತಲ್ರಿ.

ಮೊದಲು ಮಾಡೂ ಕೆಲಸ ಒಂದ, ನಿಮ್ಮ ಕಾಗದ ತರಸ್ರಿ. ನಿಮ್ಮ ಸರ್ವಿಸ್ ಕಾಗದ ಇಡೂ ರೆಕಾರ್ಡ್ಸ್ ಆಫೀಸಿಗೆ ಆರ್‌ಟಿಐ ಹಾಕ್ರಿ, 10 ರೂಪಾಯಿ ಪೋಸ್ಟಲ್ ಆರ್ಡರ್, ಜೊತೀಗೆ ಡಿಸ್ಚಾರ್ಜ್ ಬುಕ್ಕಿನ ಜೆರಾಕ್ಸು, ಐಡಿ ಜೆರಾಕ್ಸು. ರಿಲೀಸ್ ಬೋರ್ಡಿನ ಪೂರಾ ಪ್ರೊಸೀಡಿಂಗ್ಸ್ ಅಂದ್ರ ಎಎಫ್‌ಎಂಎಸ್‌ಎಫ್ 16, ಭರ್ತಿ ಆಗೂ ಮುಂದ ಮಾಡಿದ ಮೆಡಿಕಲ್ ಫಾರ್ಮು, 2016ರಾಗ ಮೆಡಿಕಲ್ ಕೆಟಗರಿ ಇಳಿಸಿದಾಗಿಂದ ಆದ ಎಲ್ಲಾ ಬೋರ್ಡಿನ ಕಾಪಿ, ಮತ್ತ ಎಲ್ಲೆಲ್ಲಿ ಎಷ್ಟ ದಿನ ಪೋಸ್ಟಿಂಗ್ ಇತ್ತು ಅನ್ನೂ ಲಿಸ್ಟು. ಬರೇ ಮೆಡಿಕಲ್ ಡಾಕ್ಯುಮೆಂಟ್ಸ್ ಕೊಡ್ರಿ ಅಂತ ಬರದ್ರ ಎರಡ ಹಾಳಿ ಕಳಸಿ ಕೈ ತೊಳಕೋತಾರ, ಒಂದೊಂದ ಹೆಸರ ಹಿಡದ ಬರೀರಿ.

ಮಡಿಕೇರಿ ಹುಡುಗಿ:

ಅಂಕಲ್, ನಮ್ಮಪ್ಪಂದು ನಿಮಗಿಂತ ಹಳೇ ಕೇಸು ಅದಕ್ಕೆ ಬರೀತಿದ್ದೀನಿ. ಅಪ್ಪ ಇನ್‌ಫಂಟ್ರಿಯಲ್ಲಿದ್ರು, ಫಿಟ್ಸ್ ಬಂತು ಅಂತ ಇನ್‌ವ್ಯಾಲಿಡ್ ಮಾಡಿ 90ರ ದಶಕದಲ್ಲಿ ಮನೆಗೆ ಕಳಿಸಿಬಿಟ್ರು, ಖಾಯಿಲೆ ನಿಮ್ಮ ಹುಟ್ಟಿನಿಂದಾನೇ ಇದ್ದಿದ್ದು ಅಂತ ಬರೆದು. ನಮ್ಮನೇಲಿ ಯಾರಿಗೂ ಫಿಟ್ಸ್ ಇಲ್ಲ. ಅಪ್ಪ ಆಮೇಲೆ ಯಾರ ಹತ್ರಾನೂ ಆ ವಿಷ್ಯ ಮಾತಾಡ್ಲಿಲ್ಲ, ಕೊಡಗಲ್ಲಿ ಮನೆಗೊಬ್ರು ಫೌಜಿ, ಎಲ್ರೂ ಪೂರ್ತಿ ಸರ್ವಿಸ್ ಮಾಡಿ ಬಂದೋರು, ಇವರಿಗೆ ಅದೊಂದು ನಾಚಿಕೆ. ಡಿಸೆಂಬರಲ್ಲಿ ಹುತ್ತರಿಗೆ ಎಲ್ಲಾ ಮಾವಂದ್ರು ಸೇರಿದ್ರೆ ಇವರು ತೋಟಕ್ಕೆ ಹೋಗಿ ಕೂತ್ಕೊಳ್ತಿದ್ರು.

ನಾನು ಲಾ ಓದೋ ಫ್ರೆಂಡ್ ಒಬ್ಬಳ ಹತ್ರ ಕೇಳ್ದಾಗ ಗೊತ್ತಾಗಿದ್ದು ಧರಂವೀರ್ ಸಿಂಗ್ ಅನ್ನೋರ ಕೇಸು, 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟಿದ್ದು. ಅವರದ್ದೂ ಫಿಟ್ಸೇ, 1985ರಲ್ಲಿ ಸಿಗ್ನಲ್ಸ್‌ಗೆ ಸೇರಿ ಒಂಬತ್ತು ವರ್ಷ ಆದ್ಮೇಲೆ ಮನೆಗೆ ಕಳಿಸಿದ್ರಂತೆ. ಕೋರ್ಟ್ ಹೇಳಿದ್ದು ಏನಂದ್ರೆ ಸೇರುವಾಗ ನೀವೇ ಎದೆ ಅಳೆದು ಕಣ್ಣು ಕಿವಿ ನೋಡಿ ಫಿಟ್ ಅಂತ ತಗೊಂಡ್ರಿ, ಆವಾಗ ಖಾಯಿಲೆ ಇತ್ತು ಅಂತ ಎಲ್ಲೂ ಬರೆದಿಲ್ಲ, ಹಾಗಾದ್ರೆ ಆಮೇಲೆ ಬಂದಿದ್ದು ಸರ್ವಿಸಿಂದ ಅಂತಾನೇ ಹಿಡೀಬೇಕು, ಅಲ್ಲ ಅಂತ ತೋರಿಸೋ ಜವಾಬ್ದಾರಿ ಸೈನಿಕಂದಲ್ಲ. ಸೇರುವಾಗ ಗೊತ್ತಾಗೋ ಖಾಯಿಲೆ ಆಗಿರ್ಲಿಲ್ಲ ಅಂತ ಬೋರ್ಡ್ ಹೇಳೋದಾದ್ರೆ ಅದಕ್ಕೆ ಕಾರಣ ಬರೀಬೇಕು. ಅಪ್ಪನ ಬೋರ್ಡಲ್ಲೂ ಕಾರಣ ಅಂತ ಏನೂ ಇರ್ಲಿಲ್ಲ, ನಿಮ್ಮದರಲ್ಲಿ ಇರೋ ಹಾಗೇನೇ ಒಂದೇ ಲೈನು.

ಅಷ್ಟು ವರ್ಷ ಆದ್ಮೇಲೆ ಹೋದ್ವಿ, ಆದ್ರೂ ಕೇಸ್ ತಗೊಂಡ್ರು. ಪೆನ್ಷನ್ ಪ್ರತಿ ತಿಂಗಳು ಬರಬೇಕಾಗಿದ್ದು ಪ್ರತಿ ತಿಂಗಳೂ ತಪ್ಪುತ್ತಿದೆ ಅಲ್ವಾ, ಅದಕ್ಕೆ ತಡ ಅನ್ನೋ ಕಾರಣಕ್ಕೆ ಬಾಗಿಲು ಮುಚ್ಚಲ್ಲ, ಆದ್ರೆ ಹಿಂಬಾಕಿ ಮಾತ್ರ ಕೇಸ್ ಹಾಕಿದ ದಿನದಿಂದ ಹಿಂದಕ್ಕೆ ಮೂರೇ ವರ್ಷ. 2008ರ ತರ್ಸೆಮ್ ಸಿಂಗ್ ಕೇಸ್ ಅಂತ ವಕೀಲರು ಹೇಳಿದ್ರು. ಅಪ್ಪನಿಗೆ ಇಪ್ಪತ್ತು ವರ್ಷಕ್ಕೂ ಜಾಸ್ತಿದು ಹಾಗೇ ಹೋಯ್ತು. ನೀವು ಬಂದು ಮೂರು ವರ್ಷದ ಮೇಲಾಯ್ತು ಅಂದ್ರೆ ಈಗಿಂದ ಒಂದೊಂದು ತಿಂಗಳು ಸುಮ್ನೆ ಕೂತ್ರೂ ಹಿಂದಿನ ಒಂದು ತಿಂಗಳು ಉದುರುತ್ತೆ.

ಹೊಸ ಪಿಂಚಣಿದಾರ:

ಮಧ್ಯೆ ಬಾಯಿ ಹಾಕ್ತಿದೀನಿ ಸಾರಿ. ನಂದು 2024 ಮಾರ್ಚಲ್ಲಿ ರಿಟೈರ್ಮೆಂಟ್, ಶುಗರ್ ಇದೆ. ಮೇಲೆ ಹೇಳಿದ್ದೆಲ್ಲಾ ನಂಗೂ ಅಪ್ಲೈ ಆಗುತ್ತಾ?

ಬೈಲಹೊಂಗಲ ಫೌಜಿ:

ನಿಮ್ದು ಬ್ಯಾರೆ ರೀ. 2023ರ ಸೆಪ್ಟೆಂಬರ್ 21ರಿಂದ ಯಾರಿಗೆ ಸಿಗಬೇಕು ಅನ್ನೂ ಹೊಸ ಎಂಟೈಟಲ್‌ಮೆಂಟ್ ರೂಲ್ಸ್ ಬಂದಾವು, ಅದರ ನಂತರ ಸರ್ವಿಸ್ ಮುಗಿಸಿ ಬಂದವರಿಗೆ ಹೆಸರೂ ಬದಲ ಮಾಡ್ಯಾರ, ಡಿಸೆಬಿಲಿಟಿ ಎಲಿಮೆಂಟ್ ಅಂತ ಇಲ್ಲ, ಇಂಪೇರ್‌ಮೆಂಟ್ ರಿಲೀಫ್ ಅಂತ. ಶುಗರ್ ಬಿಪಿ ಇಂಥಾವಕ್ಕ ಬಿಗಿ ಮಾಡಬೇಕು ಅನ್ನೂದ ಅದರ ಹಿಂದಿನ ವಿಚಾರ. ನೀವು ಬ್ಯಾರೆ ಪೋಸ್ಟ್ ಹಾಕ್ರಿ, ಇಲ್ಲೇ ಬೆರಸಿದ್ರ ಉಸ್ತಾದರು 2022ರ ಫೈಲಿಗೆ 2023ರ ರೂಲ್ ಬರದ ಕಳಸ್ತಾರ.

ಕೆಲಸದಲ್ಲಿ ಇರೋರು ಯಾರಾದ್ರೂ ಓದಾಕತ್ತಿದ್ರ ನಿಮಗೂ ಒಂದ ಮಾತು. ರಿಲೀಸ್ ಬೋರ್ಡಿನ್ಯಾಗ ನಿಮ್ಮ ಕಡಿಂದ ಒಂದು ಸ್ಟೇಟ್‌ಮೆಂಟ್ ಬರಸ್ಕೋತಾರ, ಎಲ್ಲೆಲ್ಲಿ ಇದ್ರಿ, ಖಾಯಿಲೆ ಯಾವಾಗ ಶುರುವಾತು, ಸೇರೂ ಮೊದಲ ಇತ್ತೋ ಅಂತ. ಕ್ಲಿಯರೆನ್ಸ್ ಗಡಿಬಿಡಿಯೊಳಗ ಎಲ್ಲಾರೂ ಮುಂದಿನವನ ಹಾಳಿ ನೋಡಿ ಕಾಪಿ ಹೊಡೀತಾರ. ಮನೀಗೆ ಹೋಗೂ ಖುಷಿಯೊಳಗ ಯಾರೂ ಓದೂದಿಲ್ಲ. ಪೆಟ್ಟು ಬಿದ್ದು ಕಾಲು ಕೈ ಮುರದಿದ್ರ ಇಂಜುರಿ ರಿಪೋರ್ಟ್ ಆಗೇತೋ ಇಲ್ಲೋ ಅವತ್ತ ನೋಡ್ಕೋರಿ, ಹತ್ತ ವರ್ಷ ಆದ ಮ್ಯಾಲ ಸಾಕ್ಷಿ ಎಲ್ಲಿಂದ ತರ್ತೀರಿ.

ಅರಸೀಕೆರೆ ಗನ್ನರ್:

ಇಬ್ರಿಗೂ ತುಂಬಾ ಥ್ಯಾಂಕ್ಸ್. ಆ ಪಕ್ಕದೂರಿನೋರಿಗೆ ಬೇಡ ಅಂದೆ. ಆರ್‌ಟಿಐ ಇವತ್ತೇ ಪೋಸ್ಟ್ ಮಾಡ್ತೀನಿ. ಒಂದು ಡೌಟು, ಪೀಸ್ ಸ್ಟೇಷನ್‌ನಲ್ಲಿ ಬಿಪಿ ಸಿಕ್ಕಿದ್ದು ನಿಜಾನೇ ಅಲ್ವಾ, ಅದಕ್ಕೆ ಏನಂತ ಬರೀಲಿ? ಪೀಸ್ ಅಂತ ಹೆಸರು ಅಷ್ಟೇ, ಗನ್ ಪಾರ್ಕು, ಎಕ್ಸರ್‌ಸೈಜು, ರಾತ್ರಿ ಡ್ಯೂಟಿ, ಯಾವ ಪೀಸೂ ಇರ್ಲಿಲ್ಲ.

ಬೈಲಹೊಂಗಲ ಫೌಜಿ:

ಅದನ್ನ ಹಿಂಗ ಸಿಟ್ಟಿನಾಗ ಬರೀಬ್ಯಾಡ್ರಿ ಉಸ್ತಾದ್, ತಾರೀಖ ಹಾಕಿ ಬರೀರಿ. ಬಿಪಿ ಒಂದ ದಿನದಾಗ ಬರೂ ಜ್ವರ ಅಲ್ಲ, ಚೆಕ್ ಮಾಡಿದ ದಿನ ಸಿಗ್ತೈತಿ ಅಷ್ಟ. ಡಾಕ್ಟರ್ ನೋಡಿದ್ದು ಪೀಸ್‌ನಾಗ, ಹತ್ತಿದ್ದು ಎಲ್ಲಿ ಅನ್ನೂದ ಪ್ರಶ್ನಿ. ಫೀಲ್ಡು, ಹೈ ಆಲ್ಟಿಟ್ಯೂಡು ಇಂಥಲ್ಲಿ ಇದ್ದಾಗ ಶುರುವಾದ ಬಿಪಿಯನ್ನ ಸರ್ವಿಸಿಂದ ಜಾಸ್ತಿ ಆತು ಅಂತ ಹಿಡೀಬೇಕು ಅಂತ ಮೆಡಿಕಲ್ ಆಫೀಸರ್‌ಗಳಿಗೆ ಇರೋ ಗೈಡಿನಾಗೇ ಐತಿ. ಅದಕ್ಕ ಪೋಸ್ಟಿಂಗ್ ಲಿಸ್ಟ್ ತರಸ್ರಿ ಅಂದದ್ದು. ಮ್ಯಾಲಿಂದ ಇಳದ ತಾರೀಖು ಇಷ್ಟು, ಬಿಪಿ ಸಿಕ್ಕ ತಾರೀಖು ಇಷ್ಟು, ನಡುವ ಐದ ತಿಂಗಳು. ಮ್ಯಾಲ ಹೋಗೂ ಮುಂದ ಮೆಡಿಕಲ್ ಆಗಿರ್ತೈತಲ್ಲ, ಅದರಾಗ ಬಿಪಿ ಎಷ್ಟಿತ್ತು ಅನ್ನೂದೂ ಸಿಕ್ಕರ ಚಲೋ.

ಆಮ್ಯಾಲೆ ಪೆನ್ಷನ್ ರಿಜೆಕ್ಟ್ ಮಾಡಿದ್ದರ ಮ್ಯಾಲ ಫಸ್ಟ್ ಅಪೀಲ್ ಹಾಕ್ರಿ, ಲೇಟಾಗಿದ್ದಕ್ಕ ಅಪ್ಪಾರ ಆಸ್ಪತ್ರೆ ಕಾಗದ ಇದ್ರ ಹಚ್ಚರಿ. ಅದು ರಿಜೆಕ್ಟ್ ಆದ್ರ ಸೆಕೆಂಡ್ ಅಪೀಲ್ ಐತಿ, ಅಲ್ಲೂ ಆಗಲಿಲ್ಲಂದ್ರ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್, ಅಂದ್ರ ಫೌಜಿಗಳ ಕೇಸ್ ನೋಡೂ ಕೋರ್ಟು. ಎಲ್ಲಾ ಸ್ಪೀಡ್ ಪೋಸ್ಟಿನಾಗ ಕಳಸ್ರಿ, ಸ್ಲಿಪ್ಪು ತೆಂಗಿನಮರಕ್ಕ ಕಟ್ಟಿ ಇಡ್ರಿ ಬೇಕಾದ್ರ, ಕಳಕೋಬ್ಯಾಡ್ರಿ.

ಮಡಿಕೇರಿ ಹುಡುಗಿ:

ಟ್ರಿಬ್ಯುನಲ್ ಬೆಂಚ್ ಕರ್ನಾಟಕದಲ್ಲಿ ಇಲ್ಲ ಅನ್ನೋದೇ ದೊಡ್ಡ ತಲೆನೋವು ಅಂಕಲ್. ಇಷ್ಟು ಜನ ಫೌಜಿಗಳು ಇರೋ ರಾಜ್ಯಕ್ಕೆ ಒಂದು ಬೆಂಚ್ ಯಾಕಿಲ್ಲ ಅಂತ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ನೀವೇ ನಿಂತು ವಾದ ಮಾಡಬಹುದು, ವಕೀಲರು ಇರಲೇಬೇಕು ಅಂತಿಲ್ಲ, ಆದ್ರೆ ಕಿವಿ ಕೇಳ್ಸಲ್ಲ ಅಂತೀರಲ್ಲ, ಯಾರಾದ್ರೂ ಇರೋದು ಒಳ್ಳೇದು. ಹಾಸನದ ಸೈನಿಕ ಕಲ್ಯಾಣ ಇಲಾಖೆ ಆಫೀಸಲ್ಲಿ ಒಂದ್ಸಲ ಕೇಳಿ, 2025 ಜುಲೈಯಿಂದ ಕಾನೂನು ಸೇವಾ ಪ್ರಾಧಿಕಾರದವರು ಸೈನಿಕ್ ಬೋರ್ಡ್‌ಗಳಲ್ಲಿ ಫ್ರೀ ಕಾನೂನು ನೆರವು ಶುರು ಮಾಡಿದ್ದಾರೆ, ವೀರ್ ಪರಿವಾರ್ ಅಂತ ಸ್ಕೀಮು. ಅಪೀಲ್ ಡ್ರಾಫ್ಟ್ ಮಾಡಿಸೋಕೆ ದುಡ್ಡು ಕೊಡೋ ಮುಂಚೆ ಅಲ್ಲಿ ವಿಚಾರಿಸಿ.

ಅರಸೀಕೆರೆ ಗನ್ನರ್:

ಒಂದು ಅಪ್‌ಡೇಟ್ ಕೊಡ್ತಿದೀನಿ. ಆರ್‌ಟಿಐಗೆ ಉತ್ತರ ಬಂತು, ದಪ್ಪ ಕವರು. ಭರ್ತಿ ಆಗುವಾಗಿನ ಮೆಡಿಕಲ್ ಫಾರ್ಮ್ ಇದೆ, ಬಿಪಿ 120/80 ಅಂತ ನೀಲಿ ಇಂಕಲ್ಲಿ ಬರೆದಿದ್ದಾರೆ, ನಂಗೆ ಆವಾಗ 19 ವರ್ಷ, ಫೋಟೋ ನೋಡಿ ಮಗಳು ಇದು ಯಾರು ಅಂತ ಕೇಳಿದ್ಲು. ಪೋಸ್ಟಿಂಗ್ ಲಿಸ್ಟಲ್ಲಿ ಮೇಲಿನ ಎರಡು ವರ್ಷ ನಾಲ್ಕು ತಿಂಗಳು ತಾರೀಖಿನ ಸಮೇತ ಇದೆ. ಆದ್ರೆ 2016ರ ಬೋರ್ಡಿನ ಎರಡನೇ ಹಾಳೆ ಇಲ್ಲ. ಇದಕ್ಕೆ ಇನ್ನೊಂದು ಆರ್‌ಟಿಐ ಹಾಕಬೇಕಾ ಇಲ್ಲ ಅದರ ಮೇಲೇ ಅಪೀಲಾ?

ಬೈಲಹೊಂಗಲ ಫೌಜಿ:

ಹೊಸದು ಬ್ಯಾಡ. ಅದಕ್ಕ ಆರ್‌ಟಿಐ ಫಸ್ಟ್ ಅಪೀಲ್ ಹಾಕ್ರಿ, ಉತ್ತರ ಕೈಗೆ ಬಂದು 30 ದಿನದೊಳಗ, ಇಂಥ ಹಾಳಿ ಬಂದಿಲ್ಲ ಅಂತ ಒಂದ ಸಾಲು ಸಾಕು. ಪೆನ್ಷನ್ ಅಪೀಲ್ ಅದಕ್ಕ ಕಾಯಿಸಬ್ಯಾಡ್ರಿ, ಇದ್ದದ್ದ ಹಚ್ಚಿ ಈ ವಾರ ಕಳಸ್ರಿ, ಆ ಹಾಳಿ ಬಂದಾಗ ಹಿಂದಿಂದ ಕಳಸಿದ್ರ ಆತು. ಮತ್ತ 120/80 ಇರೋ ಹಾಳಿ ಎಲ್ಲಾದಕ್ಕಿಂತ ಮ್ಯಾಲ ಇಡ್ರಿ.