ಮೈಎಸ್‌ಕ್ಯೂಎಲ್ ಹಾಕಿದ ಮೇಲೆ ಏನೇನು ಮಾಡಬೇಕು? ಕೊಡಗಿನವರ ಅನುಭವ ಹಂಚಿಕೆ

ಪ್ರಶ್ನೆ, ವಿರಾಜಪೇಟೆಯಿಂದ: ಕಾಫಿ, ಮೆಣಸು ಕೊಳ್ಳುವ ನಮ್ಮ ಮಳಿಗೆಯ ತೂಕದ ಲೆಕ್ಕಕ್ಕಾಗಿ ಲಿನಕ್ಸ್ ಯಂತ್ರವೊಂದರಲ್ಲಿ ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಡೇಟಾಬೇಸ್ ತಂತ್ರಾಂಶವಾದ ಮೈಎಸ್‌ಕ್ಯೂಎಲ್ 8.4 ಅನ್ನು ಟಾರ್ ಕಡತದಿಂದ (ಎಲ್ಲವನ್ನೂ ಒಟ್ಟುಕಟ್ಟಿದ ಕಡತ) ಬಿಚ್ಚಿ ಹಾಕಿದ್ದೇನೆ, ಆದರೆ ಸರ್ವರ್ ಏಳುತ್ತಿಲ್ಲ. ಮುಂದಿನ ಕೆಲಸಗಳನ್ನು ಅನುಭವಸ್ಥರು ತಿಳಿಸಬೇಕಾಗಿ ವಿನಂತಿ.

ಮಡಿಕೇರಿಯಿಂದ: ಟಾರ್ ಕಡತದಿಂದ ಹಾಕಿದಾಗ ಮಾಹಿತಿ ಕೂಡಿಡುವ ಡೇಟಾ ಡೈರೆಕ್ಟರಿ ತಾನಾಗಿ ಸಿದ್ಧವಾಗುವುದಿಲ್ಲ. ಮೈಎಸ್‌ಕ್ಯೂಎಲ್ ಎಂಬ ಬಳಕೆದಾರನ ಹೆಸರಿನಲ್ಲಿ ಅದನ್ನು ಸಿದ್ಧಪಡಿಸುವ ಇನಿಶಿಯಲೈಸ್ ಆದೇಶವನ್ನು ಒಮ್ಮೆ ಓಡಿಸಬೇಕು; ಆಗ ಮೈಎಸ್‌ಕ್ಯೂಎಲ್‌ನ ಮುಖ್ಯ ಖಾತೆಯಾದ ರೂಟ್‌ಗೆ ತಾತ್ಕಾಲಿಕ ಪಾಸ್‌ವರ್ಡ್ ಹುಟ್ಟಿ ಎರರ್ ಲಾಗ್‌ನಲ್ಲಿ (ಸರ್ವರ್ ತನ್ನ ದೋಷ, ಸೂಚನೆಗಳನ್ನು ಬರೆದಿಡುವ ಕಡತ) ದಾಖಲಾಗುತ್ತದೆ, ಅದನ್ನು ಬದಲಿಸುವವರೆಗೆ ಸರ್ವರ್ ಬೇರೆ ಯಾವ ಕೆಲಸಕ್ಕೂ ಒಪ್ಪುವುದಿಲ್ಲ. ಡೈರೆಕ್ಟರಿಯಲ್ಲಿ ಹಿಂದಿನ ಅರ್ಧಂಬರ್ಧ ಪ್ರಯತ್ನದ ಕಡತಗಳು ಉಳಿದಿದ್ದರೆ ಇನಿಶಿಯಲೈಸ್ ಅಲ್ಲಿಗೇ ನಿಲ್ಲುತ್ತದೆ. ಕಡತಗಳ ಒಡೆತನ ಮೈಎಸ್‌ಕ್ಯೂಎಲ್ ಬಳಕೆದಾರನದೇ ಇದೆಯೇ ಎಂದೂ ನೋಡಿಕೊಳ್ಳಿ. ನಾನೊಮ್ಮೆ ಡೈರೆಕ್ಟರಿಯನ್ನು ಲಿನಕ್ಸ್‌ನ ರೂಟ್ ಬಳಕೆದಾರನಾಗಿ ಹೊಸ ಡಿಸ್ಕಿಗೆ ನಕಲಿಸಿ, ಎಲ್ಲವೂ ರೂಟ್ ಹೆಸರಿಗೆ ಬಿದ್ದದ್ದು ತಿಳಿಯದೆ ಅರ್ಧ ದಿನ ಸಂರಚನೆಯ ಕಡತವನ್ನೇ ತಡಕಾಡಿದ್ದೆ; ಕಾರಣ ಎರರ್ ಲಾಗ್‌ನ ಕೊನೆಯ ಸಾಲಿನಲ್ಲೇ ಇತ್ತು.

ಸೋಮವಾರಪೇಟೆಯಿಂದ: ಸರ್ವರ್ ಎದ್ದ ಮೇಲೆ ವೇಗದ ಆಸೆಗೆ ಬೀಳಬೇಡಿ. ಮೈಎಸ್‌ಕ್ಯೂಎಲ್‌ನಲ್ಲಿ ಮಾಹಿತಿಯನ್ನು ಕೂಡಿಡುವ ಭಾಗವಾದ ಇನ್ನೋಡಿಬಿ ಪ್ರತಿ ಕಮಿಟ್‌ಗೂ (ದಾಖಲೆಯನ್ನು ಖಾಯಂ ಮಾಡುವ ಹೆಜ್ಜೆ) ತನ್ನ ಲಾಗ್ ಅನ್ನು ಡಿಸ್ಕಿಗೆ ಮುಟ್ಟಿಸುವಂತೆ ಒಂದು ಸೆಟ್ಟಿಂಗ್ ಮೂಲದಲ್ಲೇ 1 ಎಂದು ಇರುತ್ತದೆ, ಅದನ್ನು 2 ಮಾಡಿದರೆ ಡಿಸ್ಕಿಗೆ ಮುಟ್ಟಿಸುವ ಕೆಲಸ ಸುಮಾರು ಸೆಕೆಂಡಿಗೊಮ್ಮೆ ಮಾತ್ರ ನಡೆಯುತ್ತದೆ. ನಾನು 2 ಮಾಡಿಟ್ಟಿದ್ದೆ. ಮಾರ್ಚಿನ ಹೂಮಳೆಯ ಗುಡುಗಿಗೆ ಕರೆಂಟು ಹೋಯಿತು, ಯುಪಿಎಸ್‌ನ ಹಳೆಯ ಬ್ಯಾಟರಿಯೂ ಕೈಕೊಟ್ಟಿತು; ಬ್ಯಾಟರಿಯಲ್ಲಿ ಓಡುವ ಪುಟ್ಟ ಪ್ರಿಂಟರ್ ಮಾತ್ರ ಅಷ್ಟರಲ್ಲಿ ಚೀಟಿಯನ್ನು ಹೊರಹಾಕಿತ್ತು. ಬೆಳೆಗಾರರ ಕೈಯಲ್ಲಿ 48 ಕಿಲೋ ಮೆಣಸಿನ ಚೀಟಿ, ಟೇಬಲ್‌ನಲ್ಲಿ ಆ ಸಾಲೇ ಇಲ್ಲ. ಚೀಟಿಯನ್ನೇ ನಂಬಿ ಹಣ ಕೊಟ್ಟೆವು, ಆ ಸೆಟ್ಟಿಂಗ್ ಅನ್ನು ಅಂದೇ ಮತ್ತೆ 1ಕ್ಕೆ ತಂದೆ. ವೇಗವೇ ಬೇಕಾದರೆ ಮೂಲದಲ್ಲಿ 128 ಎಂಬಿಯಷ್ಟೇ ಇರುವ ಬಫರ್ ಪೂಲ್ (ಟೇಬಲ್‌ಗಳ ಮಾಹಿತಿಯನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಅನ್ನು ಯಂತ್ರದ ಮೆಮೊರಿಗೆ ತಕ್ಕಂತೆ ಹೆಚ್ಚಿಸಿ, ಅದರಿಂದ ಲೆಕ್ಕಕ್ಕೆ ಅಪಾಯವಿಲ್ಲ. ಯಂತ್ರ ಮತ್ತೆ ಚಾಲೂ ಆದಾಗ ಸರ್ವರ್ ತಾನೇ ಏಳುವಂತೆ ಲಿನಕ್ಸ್‌ನಲ್ಲಿ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಎನೇಬಲ್ ಮಾಡಿ, ಒಮ್ಮೆ ರೀಬೂಟ್ ಮಾಡಿ ನೋಡಿ.

ಕುಶಾಲನಗರದಿಂದ: ಮೈಎಸ್‌ಕ್ಯೂಎಲ್ ಬೇರೆ ಬೇರೆ ಪ್ರದೇಶಗಳ ವೇಳೆಯನ್ನು ತಿಳಿಯಲು ಬಳಸುವ ಟೈಮ್‌ಝೋನ್ ಟೇಬಲ್‌ಗಳು ಆರಂಭದಲ್ಲಿ ಖಾಲಿ ಇರುತ್ತವೆ. ಏಷ್ಯಾ/ಕೋಲ್ಕತಾ ಎಂಬ ಹೆಸರಿನಿಂದ ವೇಳೆಯನ್ನು ಪರಿವರ್ತಿಸಿದರೆ ದೋಷವನ್ನೂ ತೋರಿಸದೆ ನಲ್ (ಬೆಲೆಯೇ ಇಲ್ಲದ ಖಾಲಿ ಉತ್ತರ) ಬರುತ್ತದೆ, ಆದ್ದರಿಂದ ಲಿನಕ್ಸ್‌ನಲ್ಲಿರುವ ವೇಳೆ-ಪ್ರದೇಶಗಳ ಝೋನ್‌ಇನ್ಫೋ ಕಡತಗಳನ್ನು ಮೊದಲೇ ಆ ಟೇಬಲ್‌ಗಳಿಗೆ ತುಂಬಿಸಿಕೊಳ್ಳಿ.

ವಿರಾಜಪೇಟೆಯಿಂದ ಮತ್ತೆ: ಹಳೆಯ ಕಡತಗಳೇ ಅಡ್ಡಿಯಾಗಿದ್ದವು. ತೆಗೆದು ಹಾಕಿ ಇನಿಶಿಯಲೈಸ್ ಮಾಡಿದೆ, ಸರ್ವರ್ ಎದ್ದಿದೆ, ಪಾಸ್‌ವರ್ಡ್ ಬದಲಾಗಿದೆ. ಯುಪಿಎಸ್ ಬ್ಯಾಟರಿಯನ್ನು ನಾಳೆ ತೋರಿಸುತ್ತೇನೆ.